ಎಡಗೈ ಗಂಟು

ನಮ್ಮೋರ ಹೆಸರು ತಿಮ್ಮರಾಯಪ್ಪ. ಯಗಟೀಲಿ ಯಾರನ್ನ ಕೇಳಿದ್ರೂ "ಮಿಲ್ಟ್ರಿ ತಿಮ್ಮಣ್ಣನ ಮನೆಯಾ?" ಅಂತ ದಾರಿ ತೋರಿಸ್ತಾರೆ. ಮಿಲ್ಟ್ರೀಲಿದ್ದದ್ದು ಹದಿನೈದು ವರ್ಷ, ಕುರಿ ಕಾಯ್ತಿರೋದು ಮೂವತ್ಮೂರು ವರ್ಷ. ಆದ್ರೂ ಹೆಸರು ಮಾತ್ರ ಮಿಲ್ಟ್ರೀದೇ! ನಾನು ಅವರ ಹೆಂಡ್ತಿ ಶಂಕರಮ್ಮ. ನಲವತ್ತೆರಡು ವರ್ಷದಿಂದ ಜಗಳ ಆಡ್ಕೊಂಡು ಚೆನ್ನಾಗೇ ಇದೀವಿ.

ಅವರಿಗೆ ಇರೋನು ಒಬ್ಬನೇ ಸ್ನೇಹಿತ, ಹಿರೇನಲ್ಲೂರಿನ ತೀರ್ಥಪ್ಪ. ಇಬ್ಬರೂ ಒಂದೇ ಪಡೇಲಿದ್ದೋರು; ಹೂತಿಟ್ಟ ಬಾಂಬು ಹುಡುಕಿ ತೆಗೆಯೋ ಕೆಲಸ. ತೀರ್ಥಣ್ಣನ ಬಲಗಾಲು ಶ್ರೀಲಂಕಾದಲ್ಲೇ ಹೋಯ್ತು. ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕ್ಕೊಂಡ್ರು. ಪ್ರತಿ ಸೋಮವಾರ ಬಸ್ಸು ಹತ್ತಿ ನಮ್ಮನೆಗೆ ಬತ್ತಾರೆ. ಅವತ್ತು ನಮ್ಮೋರು ನಗ್ತಾರೆ, ಎರಡು ಮುದ್ದೆ ಉಣ್ತಾರೆ. ಮಿಕ್ಕ ದಿನ ಬಾಯಿಗೆ ಬೀಗ. ಈ ಸ್ನೇಹ ಎಲ್ಲಿ ಮುರಿದೋಗ್ತೈತೋ ಅಂತ ಅವರಿಗೆ ಮೊದಲಿಂದ ದಿಗಿಲು. ಅದಕ್ಕೆ ಕಾರಣ ಒಂದು ಗಂಟು.

ನಮ್ಮ ಮಾವನ ಮನೇಲಿ ಕುರಿ ಕಟ್ಟೋಕೆ ಎಡಗೈಲಿ ಒಂದು ಗಂಟು ಹಾಕ್ತಾರೆ. ಬೇರೆಯೋರ ಗಂಟು ಹೊರಗಿನ ತುದಿ ಎಳೆದ್ರೆ ಬಿಚ್ಕೊಂತೈತೆ. ಇದು ಒಳಗಿನ ತುದಿ ಎಳೆದ್ರೇ ಬಿಚ್ಚೋದು. ಹೊರಗಿಂದು ಎಳೆದ್ರೆ ಇನ್ನೂ ಬಿಗಿ. ಕುರಿಗಳ್ಳರಿಗೆ ಅಂತ ಯಾವ ಮುತ್ತಜ್ಜ ಕಂಡುಹಿಡಿದನೋ! ನಾನು ಸೊಸೆಯಾಗಿ ಬಂದ ವಾರಕ್ಕೇ ನಮ್ಮತ್ತೆ ಕಲಿಸಿದ್ರು.

ಎಂಬತ್ನಾಲ್ಕರಲ್ಲಿ ನಮ್ಮೋರನ್ನ ಉತ್ತರದ ಯಾವುದೋ ಗುಡ್ಡದ ಕ್ಯಾಂಪಿಗೆ ಹಾಕಿದ್ರು. ಅಲ್ಲಿಗೆ ಶ್ರೀಲಂಕಾದ ತಮಿಳು ಹುಡುಗರು ಬಂದಿದ್ರು, ಅವರ ಸರ್ಕಾರದ ಮೇಲೆ ತಿರುಗಿಬಿದ್ದೋರು. ದುಡ್ಡು ನಮ್ಮ ದೇಶದ್ದು, ಬಂದೂಕು ನಮ್ಮದು, ಕಲಿಸೋ ಮೇಷ್ಟ್ರೂ ನಮ್ಮ ಸೈನ್ಯದೋರೇ. ಒಂದು ಗುಂಪಲ್ಲ, ನಾಕೈದು ಗುಂಪು. ಒಬ್ಬರ ಮುಖ ಕಂಡ್ರೆ ಒಬ್ಬರಿಗೆ ಆಗ್ತಿರ್ಲಿಲ್ಲ, ಆದ್ರೂ ಎಲ್ಲರಿಗೂ ಕೊಟ್ರು. ಬಾಂಬಿನ ದಾರ ಕಟ್ಟೋದು ಕಲಿಸೋವಾಗ ನಮ್ಮ ಪುಣ್ಯಾತ್ಮರು ಜಂಬಕ್ಕೆ ಮನೆ ಗಂಟನ್ನೂ ಕಲಿಸಿಬಿಟ್ರು. ಮೂರು ವರ್ಷಕ್ಕೆ ನಮ್ಮ ಸೈನ್ಯ ಶಾಂತಿ ಮಾಡಿಸ್ತೀನಿ ಅಂತ ಅಲ್ಲಿಗೆ ಹೋಯ್ತು, ಅದೇ ಹುಡುಗರ ಒಂದು ಗುಂಪಿನ ಜೊತೆ ಹೊಡೆದಾಟಕ್ಕೆ ಬಿತ್ತು. ಇವರಿಬ್ಬರೂ ಅಲ್ಲಿದ್ರು. ತೀರ್ಥಣ್ಣ ಬಿಚ್ಚೋಕೆ ಹೋದ ಬಾಂಬಿನ ದಾರದಲ್ಲಿದ್ದದ್ದು ನಮ್ಮನೆ ಗಂಟು; ಹೊರಗಿನ ತುದಿ ಎಳೆದ್ರು, ಸಿಡೀತು.

ಊರಿಗೆ ಬಂದ ವರ್ಷ ಇಷ್ಟನ್ನ ನನ್ನ ಹತ್ರ ಹೇಳ್ಕೊಂಡ್ರು. ಹಾವಿಗೆ ಹಾಲೆರೆದಂಗಾಯ್ತು ಅಂದೆ. ಸಿಟ್ಟು ಬಂತು ಅವರಿಗೆ. "ಹಾವಲ್ಲ ಕಣೇ, ಹುಡುಗರು. ನನ್ನ ಕೈ ಮುದ್ದೆ ಉಂಡೋರು" ಅಂದ್ರು. ತೀರ್ಥಣ್ಣ ಬರೋ ದಿನ ಮನೇಲಿ ಆ ಗಂಟು ಕಾಣಬಾರದು ಅಂತ ಕಟ್ಟಪ್ಪಣೆ ಆಯ್ತು.

ಹೋದ ತಿಂಗಳು ತೀರ್ಥಣ್ಣ ನಮ್ಮ ಹತ್ರ ಒಂದು ಟಗರು ಕೊಂಡ್ರು. ಸೋಮವಾರ ಬೆಳಗ್ಗೆ ಲಗೇಜ್ ಆಟೋ ತಗೊಂಡು ಬಂದ್ರು. ಟಗರನ್ನ ಬೇವಿನ ಮರಕ್ಕೆ ಕಟ್ಟಿದ್ದು ನಾನೇ. ಕೈ ಅಭ್ಯಾಸ, ಹಾಳಾದ್ದು! ತೀರ್ಥಣ್ಣ ಬಗ್ಗಿ ಹೊರಗಿನ ತುದಿ ಎಳೆದ್ರು. ಬಿಗಿಯಾಯ್ತು. ಎರಡನೇ ಸಲ ಎಳೀಲಿಲ್ಲ, ಹಗ್ಗ ನೋಡ್ತಾ ಹಂಗೇ ನಿಂತ್ರು.

"ಶಂಕ್ರಮ್ಮ, ಈ ಗಂಟು ಯಾರು ಕಲಿಸಿದ್ದು?"

ನಾನು ಬಾಯಿ ತೆಗೆಯೋದ್ರೊಳಗೆ ನಮ್ಮೋರೇ ಜಗಲಿ ಇಳಿದು ಬಂದ್ರು.

"ನಮ್ಮಪ್ಪನ ಗಂಟು ಕಣೋ ತೀರ್ಥ. ಆ ಹುಡುಗರಿಗೆ ಕಲಿಸಿದ್ದೂ ನಾನೇ."

ಇನ್ನೇನು ರಂಪ ಆಗ್ತೈತೆ ಅಂದ್ಕೊಂಡೆ. ಆಗ್ಲಿಲ್ಲ.

"ಮೇಲಿನೋರು ಕಲಿಸು ಅಂದ್ರು, ನೀನು ಕಲಿಸಿದೆ. ನನ್ನ ಹಾಕಿದ್ರೆ ನಾನೂ ಕಲಿಸ್ತಿದ್ದೆ," ಅಂದ್ರು ತೀರ್ಥಣ್ಣ. "ಅವರು ಅದೇ ಗಂಟು ಹಾಕ್ತಾವ್ರೆ ಅಂತ ನಿಂಗೆ ಗೊತ್ತಾಗಿದ್ದು ಯಾವಾಗ? ನನ್ನ ಕಾಲು ಹೋದ ಮೇಲೆ ತಾನೇ?"

ಹೂಂ ಅಂತಾರೆ ಅಂತ ನಾನು ಕಾದೆ. ಇಷ್ಟು ವರ್ಷ ನನಗೆ ಹೇಳಿದ್ದೂ ಹಂಗೇ.

"ಎರಡು ದಿನ ಮುಂಚೆ," ಅಂದ್ರು ನಮ್ಮೋರು. "ಒಂದು ಸೇತುವೆ ಹತ್ರ ನೋಡಿದೆ. ಒಳಗಿನ ತುದಿ ಎಳೀರಿ ಅಂತ ನಿಮಗೆಲ್ಲ ಹೇಳಬೇಕಿತ್ತು. ನಿಂಗೆ ಹೆಂಗೆ ಗೊತ್ತು ಅಂತ ಕೇಳ್ತಾರೆ ಅಂತ ನಾಚಿಕೆ ಆಯ್ತು. ಬಿಚ್ಚಿಟ್ಟು ಸುಮ್ಮನಾದೆ."

ಗಂಡ ಅಂತಲೂ ನೋಡದೆ ಎರಡು ಬಿಡೋಣ ಅನ್ನಿಸ್ತು ನನಗೆ, ಸುಳ್ಳು ಯಾಕೆ ಹೇಳ್ಲಿ. ತೀರ್ಥಣ್ಣ ಮಾತ್ರ ಕೂಗಾಡಲಿಲ್ಲ. ಮರದ ಕಟ್ಟೆ ಮೇಲೆ ಮೆಲ್ಲಗೆ ಕೂತ್ಕೊಂಡ್ರು.

"ಕಾಲಿನ ಮಾತು ಬಿಡು," ಅಂದ್ರು. "ಅವತ್ತು ನನ್ನ ಹಿಂದೆ ನಿಂತಿದ್ದ ಅಜ್ಜಂಪುರದ ಕೆಂಪರಾಜು ಸತ್ತ. ನಾನೇ ಗಡಿಬಿಡೀಲಿ ತಪ್ಪು ತುದಿ ಎಳೆದೆ ಅಂತ ಮೂವತ್ತೇಳು ವರ್ಷದಿಂದ ನಂಬಿದೀನಿ. ಅವರ ಮನೆಗೆ ಹೋಗಿ, ನಿನ್ನ ಮಗನ್ನ ಕೊಂದಿದ್ದು ನಾನೇ ಕಣವ್ವ ಅಂತ ಅವನ ತಾಯಿ ಕಾಲು ಹಿಡ್ಕೊಂಡೆ. ಅವತ್ತು ನನ್ನ ಕೈ ಹಿಡ್ಕೊಂಡು ಆ ಮನೆ ಬಾಗಿಲಿಗೆ ಕರ್ಕೊಂಡು ಹೋದೋನು ನೀನೇ ಕಣೋ ತಿಮ್ಮ."

ಟಗರನ್ನ ಇಲ್ಲೇ ಬಿಟ್ಟು ಆಟೋ ಹತ್ತಿದ್ರು. ಮೂರು ಸೋಮವಾರ ಆಯ್ತು, ಬಂದಿಲ್ಲ. ಬನ್ನಿ ಅಂತ ಕರೆಯೋಕೆ ನಮಗೆ ಮುಖ ಎಲ್ಲೈತೆ?