ಪೇರಲ ಗಿಡಗಳಿಗೊಂದು ಯುದ್ಧಶಾಸ್ತ್ರ

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆ. ಧಾರವಾಡದಲ್ಲಿ ಎಂ.ಎ. ಮುಗಿಸಿದ್ದ ನನಗೆ ಜಗತ್ತಿನ ಧರ್ಮಗ್ರಂಥಗಳನ್ನೆಲ್ಲ ಕಟಕಟೆಯಲ್ಲಿ ನಿಲ್ಲಿಸುವ ಹುಮ್ಮಸ್ಸು. ನಮ್ಮವರ ಶಾಸ್ತ್ರಗಳನ್ನು ಪ್ರಶ್ನಿಸಿದವನು ಇತರರದ್ದನ್ನು ಬಿಡಲಾದೀತೇ? ಬಾಗಲಕೋಟೆಯ ವಿದ್ಯಾಗಿರಿಯ ಗೆಳೆಯನೊಬ್ಬನಿಂದ ಪ್ರಾಚೀನ ಹೀಬ್ರೂ ಧರ್ಮಗ್ರಂಥದ ಕನ್ನಡ ಅನುವಾದವನ್ನು ಪಡೆದು, ಅಲ್ಲಿಂದ ಬದಾಮಿಗೆ ಹೊರಟ ಬಸ್ಸಿನಲ್ಲಿ ಯುದ್ಧದ ನಿಯಮಗಳ ಅಧ್ಯಾಯವನ್ನೇ ತೆರೆದೆ. ತಪ್ಪು ಹುಡುಕಲು ತೆರೆದವನು ಬೆರಗಾಗಿ ಕುಳಿತೆ. ದಂಡು ಹೊರಡುವ ಮುನ್ನ ಅಧಿಕಾರಿಗಳು ಕೇಳಲೇಬೇಕಂತೆ: ಹೊಸ ಮನೆ ಕಟ್ಟಿ ಇನ್ನೂ ವಾಸ ಮಾಡದವರು, ತೋಟ ಹಾಕಿ ಫಲ ಕಾಣದವರು, ಹೆಣ್ಣು ಗೊತ್ತಾಗಿ ಮದುವೆಯಾಗದವರು, ಅಂಜಿಕೆಯಾದವರು, ಎಲ್ಲರೂ ಮನೆಗೆ ಹೋಗಬಹುದು. ಮುತ್ತಿಗೆ ಹಾಕಿದ ಊರಿನ ಹಣ್ಣಿನ ಮರಗಳನ್ನು ಮಾತ್ರ ಕಡಿಯಕೂಡದು. ಕೋಪಕ್ಕೂ ಕಾಯ್ದೆಯ ಬೇಲಿ! ಎದುರಿಗೆ ಸಿಕ್ಕವರಿಗೆಲ್ಲ ಹೇಳಬೇಕೆನ್ನಿಸಿತು.

ಬದಾಮಿ ಹತ್ತಿರದ ಚೊಳಚಗುಡ್ಡದ ನಮ್ಮ ಮನೆಯ ಪಡಸಾಲೆಯಲ್ಲಿ ಆಗಲೇ ದಂಡು ಕೂಡಿತ್ತು. ತಂದೆಯ ತಮ್ಮನಾದ ಕಾಕಾನ ತಲೆಗೆ ಬಟ್ಟೆ ಸುತ್ತಿದ್ದರು. ಪಕ್ಕದ ತೋಟದವನು ಕಾಲುವೆಗೆ ಅಡ್ಡಲಾಗಿ ಜಾಲಿಯ ತೊಲೆ ಹಾಕಿ ನಮ್ಮ ಪಾಲಿನ ನೀರು ತಡೆದಿದ್ದ; ಕೇಳಹೋದ ಕಾಕಾನಿಗೆ ಬಡಿಗೆಯಿಂದ ಹೊಡೆದಿದ್ದ. ಅವನ ಪೇರಲ ಗಿಡಗಳನ್ನು ಬುಡಕ್ಕೇ ಕಡಿಯುವುದೆಂದು ತೀರ್ಮಾನವಾಗಿತ್ತು. ನಮ್ಮ ಮನೆತನದಲ್ಲಿ ಜಗಳಕ್ಕೆ ಹೊರಡುವವರು ಮನೆದೇವರು ಬೀರಪ್ಪನ ಭಂಡಾರವನ್ನು, ಅಂದರೆ ಗುಡಿಯ ಅರಿಶಿನದ ಪುಡಿಯನ್ನು, ಹಣೆಗೆ ಹಚ್ಚಿಕೊಳ್ಳುತ್ತಾರೆ. ಹಚ್ಚಿಕೊಂಡವರು ಕೊಡಲಿ ಬೀಸದೆ ಮನೆಗೆ ಮರಳುವಂತಿಲ್ಲ. ಕಾಕಾ ಆಗಲೇ ಹಚ್ಚಿಕೊಂಡಿದ್ದ. ಇನ್ನೂ ಹಚ್ಚಿಕೊಳ್ಳದ ಉಳಿದವರು ಚಹಾ ಕುಡಿಯುತ್ತಿದ್ದರು.

ನಾನು ಚೀಲ ಇಳಿಸದೆಯೇ ಆ ಅಧ್ಯಾಯದ ಕಥೆ ಹೇಳಿದೆ. ಯಾವ ಊರಿನವರ ಕಾಯ್ದೆ ಎಂದು ಕೇಳಿದರು. ಅವರೂ ನಮ್ಮ ಹಾಗೆ ಕುರಿ ಕಾಯುತ್ತಿದ್ದವರೆಂದೆ.

“ಹಂಗಾರ ಬೀಗರ ಆದ್ರು ಬಿಡು,” ಎಂದ ಕಾಕಾ. “ಅವ್ರಿಗೆ ಬಡಿಗಿ ಏಟು ಬಿದ್ದಿತ್ತೇನ್ ಕೇಳು.”

ಎಲ್ಲರೂ ನಕ್ಕರು. ಚಹಾದ ಲೋಟ ಎತ್ತುತ್ತಿದ್ದ ಕಾಕಾನ ಹೆಂಡತಿ, ನನ್ನ ಚಿಗವ್ವ, ಮಾತ್ರ ನಗಲಿಲ್ಲ. ಗಂಡ ಹೆಣವಾಗಿ ಬಂದಾನೆಂಬ ಭಯ ಅವಳಿಗೆ.

“ಗಿಡಾ ಕಡೀಬ್ಯಾಡ ಅಂದ್ರು, ಖರೆ. ಮಂದೀಗೆ ಏನಂದಾರ?” ಎಂದು ಕೇಳಿದಳು.

ಸುಳ್ಳು ಹೇಳಿದ್ದರೆ ವಾದ ಗೆಲ್ಲಬಹುದಿತ್ತು. ಆದರೆ ಅದೇ ಅಧ್ಯಾಯದಲ್ಲಿ, ಮರಗಳ ಮಾತಿಗೆ ಮುಂಚೆಯೇ, ಕೆಲವು ಊರುಗಳಲ್ಲಿ ಉಸಿರಾಡುವ ಯಾವುದನ್ನೂ ಉಳಿಸಬೇಡಿರೆಂಬ ಆಜ್ಞೆಯಿದೆ. ಅದನ್ನೂ ಹೇಳಿದೆ. ಮರದ ಮೇಲೆ ಕರುಣೆ ತೋರಿದ ಕಾಯ್ದೆ ಮಗುವನ್ನು ಮರೆತದ್ದಕ್ಕೆ ಯಾರು ಹೊಣೆಯೆಂದು ಅಂದೂ ಕೇಳಿದೆ, ಇಂದೂ ಕೇಳುತ್ತೇನೆ. ದೇವರ ಹೆಸರು ಹೇಳಿದರೆ ಉತ್ತರ ಹೇಳಿದಂತಾಗುವುದಿಲ್ಲ. ಹಾಗೆಂದು ಕೋಪಕ್ಕೆ ಹಾಕಿದ ಆ ಬೇಲಿ ಸುಳ್ಳಾಗುವುದೂ ಇಲ್ಲ; ಅದು ಮನುಷ್ಯರವರೆಗೆ ಚಾಚಲಿಲ್ಲವೆಂಬುದೇ ನನ್ನ ತಕರಾರು.

“ಅರ್ಧಾ ಕಾಯ್ದೆ ಅದು,” ಎಂದಳು ಚಿಗವ್ವ. “ಆ ಅರ್ಧನಾರ ಇಲ್ಲಿ ನಡಸು. ಯಾರ್ಯಾರು ಮನೀಗೆ ಹೋಗಬೇಕು, ಕೇಳು.”

ನನಗೆ ರೋಮಾಂಚನವಾಯಿತು. ಪಡಸಾಲೆಯ ನಡುವೆ ನಿಂತು ಕೇಳಿಯೇಬಿಟ್ಟೆ. ಹೊಸ ಮನೆಗೆ ಇಳಕಲ್ಲಿನ ಕಲ್ಲು ಹಾಸಿ ಇನ್ನೂ ಒಕ್ಕಲಾಗದವನೊಬ್ಬನಿದ್ದ. ಉಳಿದವರೇ ಅವನನ್ನು ದೂಡಿ ಎಬ್ಬಿಸಿದರು. ಮದುವೆ ಗೊತ್ತಾದವನನ್ನು ಛೇಡಿಸಿ ಕಳಿಸಿದರು. ಲಿಂಬೆ ಸಸಿ ಹಚ್ಚಿದ್ದೇನೆಂದು ಇನ್ನೊಬ್ಬ ತಾನಾಗಿಯೇ ಎದ್ದ. ಕೊನೆಗೆ ಅಂಜಿಕೆಯವರು ಯಾರೆಂದು ಕೇಳಿದೆ. ನಮ್ಮೆಲ್ಲರಿಗಿಂತ ಗಟ್ಟಿಮುಟ್ಟಾದ ದಾಯಾದಿಯೊಬ್ಬ ಮೀಸೆ ಒರೆಸಿಕೊಂಡು, “ನನಗ ಅಂಜಿಕಿ ಬರ್ತೈತ್ರಿ. ಪೊಲೀಸ್ರದ್ದು,” ಎಂದ. ಅವನ ಹಿಂದೆಯೇ ಪಡಸಾಲೆ ಖಾಲಿಯಾಯಿತು.

ಉಳಿದದ್ದು ಕಾಕಾ, ಅವನ ಹಣೆಯ ಭಂಡಾರ. ಅವನು ಕೊಡಲಿ ಹೊತ್ತು ಪಕ್ಕದ ತೋಟಕ್ಕೆ ನಡೆದ. ಚಿಗವ್ವ, ನಾನು ಹಿಂದೆಯೇ ಓಡಿದೆವು. ಪೇರಲ ಗಿಡಗಳು ಹೂ ಬಿಟ್ಟಿದ್ದವು. ಮೊದಲ ಗಿಡದ ಬುಡದಲ್ಲಿ ನಿಂತ ಕಾಕಾ ಕೊಡಲಿ ಎತ್ತಿ, ಹಾಗೇ ಹಿಡಿದು, ನನ್ನತ್ತ ತಿರುಗಿದ.

“ಜಾಲೀಗೆ ಏನಂತೈತಿ ನಿನ್ನ ಕಾಯ್ದೆ?”

“ತಿನ್ನೂ ಹಣ್ಣ ಬಿಡದ ಮರಾ ಕಡೀಬಹುದು ಕಾಕಾ.”

ಅವನು ಕಾಲುವೆಗೆ ಇಳಿದ. ಅಡ್ಡ ಹಾಕಿದ್ದ ತೊಲೆಯ ಮೇಲೆ ಏಟಿನ ಮೇಲೆ ಏಟು ಬಿತ್ತು. ಕೊಡಲಿ ಬೀಸಿದ್ದಾಯಿತು, ಭಂಡಾರದ ಮಾತೂ ಉಳಿಯಿತು. ಅದು ಎರಡಾಗಿ ಸೀಳಿ, ತಡೆದಿದ್ದ ನೀರು ಕೆಂಪಗೆ ನುಗ್ಗಿತು. ನಾನು ಹಿಗ್ಗಿನಿಂದ ಕೂಗಿದೆನಂತೆ, ನನಗೆ ನೆನಪಿಲ್ಲ.

ಸದ್ದಿಗೆ ಪಕ್ಕದ ತೋಟದವನು ಬಡಿಗೆ ಹಿಡಿದು ಹೊರಬಂದ. ಕಡಿದುಬಿದ್ದ ತೊಲೆಯನ್ನೂ, ನಿಂತೇ ಇದ್ದ ಗಿಡಗಳನ್ನೂ ಕಣ್ಣಾಡಿಸಿ ನೋಡಿದ. ಕಾಕಾ ಮೊಳಕಾಲವರೆಗಿನ ನೀರಿನಲ್ಲಿ ನಿಂತೇ ಹೇಳಿದ:

“ನೀರಿನ ಮಾತು ಮುಗೀತು. ನನ್ನ ತಲೀದು ಉಳದೈತಿ. ನಾಳೆ ಬೀರಪ್ಪನ ಗುಡೀಗೆ ಬಂದು ಮಂದಿ ಮುಂದ ಉತ್ತರಾ ಕೊಡು.”

ತೋಟದವನು ಕಡಿಯದೆ ಬಿಟ್ಟ ಪೇರಲ ಗಿಡಗಳತ್ತ ಮತ್ತೊಮ್ಮೆ ತಿರುಗಿದ. ಆಮೇಲೆ ಬಡಿಗೆಯನ್ನು ಬೇಲಿಗೆ ಆನಿಸಿ, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದ.