ಖಣಗಳ ಕೆಳಗಿನ ಚೀಲ

ನನ್ನ ಟ್ರಂಕಿನ ತುಂಬ ಖಣಗಳಿದ್ದವು. ಹಸಿರು, ಕೆಂಪು, ಕಡುನೀಲಿ, ಮಡಿಕೆ ಬಿಚ್ಚದ ರವಿಕೆ ಬಟ್ಟೆಗಳು. ಒಂದನ್ನೂ ನಾನು ಅಂಗಡಿಗೆ ಹೋಗಿ ಆರಿಸಿ ತಂದದ್ದಲ್ಲ. ಬಮ್ಮಿಗಟ್ಟಿಯಿಂದ ಮದುವೆಯಾಗಿ ಅಣ್ಣಿಗೇರಿಗೆ ಬಂದ ಎರಡನೆಯ ವರ್ಷದಿಂದ, ಇವಳಿಗೆ ಇನ್ನೂ ಏನೂ ಆಗಲಿಲ್ಲವೆಂದು ಓಣಿಯ ಹೆಂಗಸರು ಕರೆಕರೆದು ಉಡಿ ತುಂಬತೊಡಗಿದ್ದರು. ಸೆರಗು ಒಡ್ಡಿ ನಿಂತರೆ ಅಕ್ಕಿ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಮೇಲೊಂದು ಖಣ. "ಬರೂ ವರ್ಷ ಇಷ್ಟೊತ್ತಿಗೆ ತೊಟ್ಟಲಾ ಕಟ್ಟಿರಬೇಕು ನೋಡ" ಎಂದು ಹಾರೈಸುವರು. ನಾನು ಬಗ್ಗಿ ಕಾಲು ಮುಟ್ಟಿ ಮನೆಗೆ ಬರುತ್ತಿದ್ದೆ.

ಅವರಿಗೆ ಯಾರಿಗೂ ಗೊತ್ತಿರದ ಸಂಗತಿಯೊಂದಿತ್ತು. ನನಗೆ ಮಕ್ಕಳಾಗುವ ಪ್ರಶ್ನೆಯೇ ಇನ್ನೂ ಹುಟ್ಟಿರಲಿಲ್ಲ. ಮದುವೆಯಾದಂದಿನಿಂದ ನಾವಿಬ್ಬರೂ ಗಂಡ ಹೆಂಡತಿಯಾಗಿ ಒಮ್ಮೆಯೂ ಕೂಡಲು ಆಗಿರಲಿಲ್ಲ. ಮನಸ್ಸಿತ್ತು. ಅವನ ಮೇಲೆ ಪ್ರೀತಿಯೂ ಇತ್ತು. ದೇಹ ಮಾತ್ರ ನನ್ನನ್ನು ಒಂದು ಮಾತೂ ಕೇಳದೆ ಬಿಗಿದುಕೊಂಡುಬಿಡುತ್ತಿತ್ತು, ಆಮೇಲೆ ತಡೆಯಲಾಗದ ಉರಿ. ನಾನು ಅಳುತ್ತಿದ್ದೆ, ಅವನು "ಇರ್ಲಿ ಬಿಡು" ಎಂದು ಗೋಡೆಗೆ ಮುಖ ಮಾಡುತ್ತಿದ್ದ. ಮಾತಿನಲ್ಲಿ ನಾನು ಅವನನ್ನು ನೀವು ಎಂದೇ ಕರೆಯುತ್ತಿದ್ದೆ. ಬರೆಯಲು ಕೂತರೆ ಅವನು ಎಂದೇ ಬರುತ್ತದೆ, ತಿದ್ದಲು ಹೋಗುವುದಿಲ್ಲ.

ಮದುವೆಯ ಹಿಂದಿನ ದಿನ ದೊಡ್ಡವ್ವ ನನ್ನನ್ನು ಪಡಸಾಲೆಯ ಮೂಲೆಗೆ ಕರೆದು, ಜನ್ಮಕ್ಕೆಲ್ಲ ಸಾಕಾಗುವಷ್ಟು ಉಪದೇಶ ಮಾಡಿದ್ದಳು. "ಒಂದೀಟ ತ್ರಾಸ ಆಗತೈತಿ. ಕಣ್ಣ ಮುಚ್ಚಿ ಸುಮ್ನ ಇದ್ದಬಿಡು. ನಾವೆಲ್ಲಾ ಹಂಗ ಮಾಡೀವಿ." ನಾನು ಬಿ.ಎಡ್. ಮುಗಿಸಿದವಳು, ಇಪ್ಪತ್ತಾರರ ಹೆಣ್ಣು, ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದವಳು. ಆದರೂ ನನಗಿದ್ದ ತಿಳಿವಳಿಕೆ ಇದೊಂದೇ. ಅದಕ್ಕೇ ನೋವಾದಾಗ ಇದು ಕಾಯಿಲೆ ಇರಬಹುದೆಂದು ಹೊಳೆಯಲೇ ಇಲ್ಲ, ನನಗೆ ಸುಮ್ಮನಿರಲು ಬರುವುದಿಲ್ಲವೆಂದು ಮಾತ್ರ ಅನ್ನಿಸಿತು.

ಅತ್ತೆ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ರೊಟ್ಟಿ ಬಡಿಯುವಾಗ ನನ್ನ ಕೈ ಸುಟ್ಟರೆ ಎಣ್ಣೆ ಹಚ್ಚುತ್ತಿದ್ದಳು. ನನಗಾಗಿ ಹನ್ನೊಂದು ಸೋಮವಾರ ಉಪವಾಸ ಹಿಡಿದಳು, ಬರಿಗಾಲಲ್ಲಿ ಗುಡಿಗೆ ನಡೆದಳು. ಅದಾವುದೂ ಫಲಿಸದಿದ್ದಾಗ ನನ್ನನ್ನು ಹುಬ್ಬಳ್ಳಿಯ ಒಂದು ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಕಾಗದದಿಂದ ತಲೆ ಎತ್ತದೆ, "ಗಂಡ ಹೆಂಡತಿ ಕೂಡಿರ್ತೀರಿಲ್ಲೋ?" ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಉತ್ತರಿಸಿದಳು.

"ಒಂದ ಖೋಲ್ಯಾಗ ಮಲಗತಾರ್ರಿ ಮೇಡಮ್ಮಾರ. ಅದಕ್ಕಂತನ ಬ್ಯಾರೆ ಖೋಲಿ ಕಟ್ಟಿಸೀವ್ರಿ."

ಡಾಕ್ಟರು ಬರೆದುಕೊಂಡರು. ಇಷ್ಟೇ ವಿಚಾರಣೆ. ಆಮೇಲೆ ಪರೀಕ್ಷೆಗೆಂದು ಮಲಗಿಸಿದಾಗ ನಾನು ಚೀರಿ ಮೇಜಿನಿಂದ ಕೆಳಗಿಳಿದೆ. ನರ್ಸು ಗದರಿದಳು: "ಇಷ್ಟಕ್ಕ ಹಿಂಗ ಮಾಡಿದ್ರ ನಾಳೆ ಹಡಿಯೂದ ಹೆಂಗವಾ?" ಆ ಚೀರಾಟವೇ ನನ್ನ ರೋಗ ಎಂದು ಅಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಗರ್ಭ ನಿಲ್ಲಲೆಂದು ಮಾತ್ರೆ ಬರೆದುಕೊಟ್ಟರು. ಏಳು ತಿಂಗಳು ನಾನು ಆ ಮಾತ್ರೆ ನುಂಗಿದೆ. ಬೀಜವನ್ನೇ ಹಾಕದ ಹೊಲಕ್ಕೆ ಗೊಬ್ಬರ ಸುರಿದ ಹಾಗೆ. ಈಗ ನೆನೆದರೆ ಸಿಟ್ಟು ಬರುತ್ತದೆ, ಆಗ ಬರೀ ನಾಚಿಕೆಯಾಗುತ್ತಿತ್ತು.

ಮೊಬೈಲಿನಲ್ಲಿ ಹುಡುಕಿದೆ. ಮದುವೆಯಾದ ಮೇಲೆ ನೋವು ಎಂದು ಕನ್ನಡದಲ್ಲಿ ಹಾಕಿದರೆ ಬಂದದ್ದು ಅರ್ಧ ಹೊಲಸು, ಅರ್ಧ ಎಣ್ಣೆ ಮಾರುವವರು. ಹುಡುಕಿದ್ದನ್ನೆಲ್ಲ ಅಳಿಸಿ ಮತ್ತೆ ಹುಡುಕುವುದು ನನಗೊಂದು ಚಟವಾಯಿತು. ಹೀಗಿರುವಾಗ ಒಂದು ದಿನ ಬಿ.ಎಡ್. ಅಂಕಪಟ್ಟಿ ತರುವ ನೆಪ ಹೇಳಿ ಒಬ್ಬಳೇ ಧಾರವಾಡಕ್ಕೆ ಹೋಗಿ, ಫಲಕದ ಮೇಲೆ ಹೆಣ್ಣುಮಗಳ ಹೆಸರು ಕಂಡ ಮೊದಲ ದವಾಖಾನೆಯ ಮೆಟ್ಟಿಲು ಹತ್ತಿದೆ.

ಆ ಡಾಕ್ಟರು ಪೆನ್ನು ಮುಚ್ಚಿಟ್ಟರು. "ಜೋಡಿ ಯಾರೂ ಬಂದಿಲ್ಲಲ್ಲ? ಚಲೋ ಆತು. ಈಗ ಹೇಳ್ರಿ."

"ಕೂಡಾಕ ಆಗೂದಿಲ್ರಿ. ಒಮ್ಮೀನೂ ಆಗಿಲ್ಲ."

ಅಷ್ಟು ಹೇಳಿ ಅತ್ತುಬಿಟ್ಟೆ. ಎರಡೂವರೆ ವರ್ಷ ಗಂಟಲಲ್ಲಿದ್ದ ಮಾತು ಅದು. ಅವರು ಅವಸರ ಮಾಡಲಿಲ್ಲ. ಸೋಂಕು, ಗಾಯ, ಬೇರೇನಾದರೂ ಇದೆಯೇ ಎಂದು ನೋಡಬೇಕು, ನೀವು ಸಾಕೆಂದಲ್ಲಿಗೆ ಕೈ ತೆಗೆಯುತ್ತೇನೆ ಎಂದರು, ಹಾಗೆಯೇ ತೆಗೆದರು. ಆಮೇಲೆ ಹೆಸರು ಹೇಳಿದರು, ವೆಜಿನಿಸ್ಮಸ್. "ಕಣ್ಣಿಗೆ ಧೂಳ ಬಂದ್ರ ರೆಪ್ಪಿ ತಾನ ಮುಚ್ಚಿಕೋತೈತಿ. ನೀವು ಮುಚ್ಚಂತ ಹೇಳಿರ್ತೀರೇನು? ಒಳಗಿನ ಸ್ನಾಯುಗಳೂ ಹಂಗ, ನೋವಿಗೆ ಅಂಜಿ ಬಿಗೀತಾವು. ಬಿಗದ್ರ ಮತ್ತ ನೋವು. ಇದು ನಿಮ್ಮ ಹಟಾನೂ ಅಲ್ಲ, ಪಾಪಾನೂ ಅಲ್ಲ. ಕಡಿಮಿ ಆಗತೈತಿ." ಕಡಿಮಿ ಆಗತೈತಿ ಎಂಬ ಮಾತನ್ನು ಬಸ್ಸಿನಲ್ಲಿ ಅಣ್ಣಿಗೇರಿ ಬರುವ ತನಕ ಬಾಯೊಳಗೇ ಹೇಳಿಕೊಂಡೆ.

ಚಿಕಿತ್ಸೆ ಕೇಳಿದರೆ ನಗು ಬರುವಷ್ಟು ಸರಳ. ಉಸಿರನ್ನು ಹೊಟ್ಟೆಗೆ ಇಳಿಸುವುದು. ಆ ಸ್ನಾಯುಗಳನ್ನು ತಾನಾಗಿಯೇ ಬಿಗಿ ಹಿಡಿದು, ತಾನಾಗಿಯೇ ಬಿಡುವುದು. ನಾಲ್ಕು ಅಳತೆಯ ನುಣುಪಾದ ಪ್ಲಾಸ್ಟಿಕ್ ಕಡ್ಡಿಗಳು, ಡೈಲೇಟರ್ ಅನ್ನುತ್ತಾರೆ, ಮೊದಲನೆಯದು ಕಿರುಬೆರಳಷ್ಟು. ಹಚ್ಚಿಕೊಳ್ಳಲು ಜೆಲ್. ದಿನಕ್ಕೆ ಸ್ವಲ್ಪ ಹೊತ್ತು, ಒಂದು ಅಳತೆ ಪೂರಾ ನಿರಾಳವಾಗುವ ತನಕ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಅಲ್ಲಿಯವರೆಗೆ ಗಂಡ ಹೆಂಡತಿ ಪ್ರಯತ್ನ ಮಾಡಲೇಬಾರದು, ಮುಂದಿನ ಸಲ ಅವರನ್ನೂ ಕರೆತರಬೇಕು ಎಂದರು. ಮಾಡುವ ಕ್ರಮವನ್ನೆಲ್ಲ ಕನ್ನಡದಲ್ಲಿ ತಾವೇ ಒಂದು ಹಾಳೆಯಲ್ಲಿ ಬರೆದುಕೊಟ್ಟರು.

ಅವನು ಬಂದ. ಕಡಲೆ ವ್ಯಾಪಾರ ಒಂದು ದಿನ ಬಿಟ್ಟು ಬಂದು, ಡಾಕ್ಟರ ಮುಂದೆ ಕೈಕಟ್ಟಿ ಕೂತು ಎಲ್ಲ ಕೇಳಿಸಿಕೊಂಡ, ಎಲ್ಲದಕ್ಕೂ ಹೌದ್ರಿ ಅಂದ. ಬರುವಾಗ ಬಸ್ಸು ನವಲಗುಂದ ಕ್ರಾಸು ದಾಟಿತು. ಆಮೇಲೆ ಒಂದೇ ಪ್ರಶ್ನೆ: "ಅವ್ವಗ ಏನ ಹೇಳೂಣು?"

"ಏನೂ ಬ್ಯಾಡ್ರಿ, ಸದ್ಯ."

ಸದ್ಯ ಎಂಬ ಆ ಮಾತೇ ನಾನು ಮಾಡಿದ ತಪ್ಪು.

ಮನೆಯಲ್ಲಿ ಕೀಲಿ ಹಾಕುವ ಜಾಗವೊಂದೂ ಇರಲಿಲ್ಲ. ಕಡ್ಡಿಗಳು, ಜೆಲ್, ಆ ಹಾಳೆ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ಹಾಕಿ ಟ್ರಂಕಿನಲ್ಲಿ ಖಣಗಳ ಕೆಳಗೆ ಇಟ್ಟೆ. ಮಧ್ಯಾಹ್ನ ಅತ್ತೆ ಬಾಜೂ ಮನೆಗೆ ಹೋದಾಗ ತೆಗೆದು, ಬರುವುದರೊಳಗೆ ಇಡುತ್ತಿದ್ದೆ. ಎರಡು ತಿಂಗಳಿಗೆ ಎರಡನೆಯ ಅಳತೆ ನಿರಾಳವಾಯಿತು. ಆ ದಿನ ಸಂಜೆ ಕಡಲೆ ಹಿಟ್ಟು ಕಲಸುತ್ತ ಒಬ್ಬಳೇ ನಕ್ಕಿದ್ದೆ.

ಆಮೇಲೆ ನಾದಿನಿಗೆ ಏಳು ತಿಂಗಳು ತುಂಬಿತು. ತವರಿನಲ್ಲಿ ಸೀಮಂತದ ಕುಬಸ ಮಾಡಬೇಕೆಂದು ಆಕೆಯನ್ನು ಕರೆಸಿದರು. ಮನೆ ತುಂಬ ಹೆಂಗಸರು. ಕುಬಸಕ್ಕೆ ಬಂದ ಮುತ್ತೈದೆಯರಿಗೆಲ್ಲ ಒಂದೊಂದು ಖಣ ಕೊಡಬೇಕು, ತಂದದ್ದು ಸಾಲದೆ ಹೋಯಿತು. ನಮ್ಮ ಕಡೆ ಉಡಿಗೆ ಬಂದ ಖಣವನ್ನು ಯಾರೂ ಹೊಲಿಸುತ್ತ ಕೂಡುವುದಿಲ್ಲ. ಒಬ್ಬರ ಉಡಿಗೆ ಬಿದ್ದದ್ದು ಇನ್ನೊಬ್ಬರ ಉಡಿಗೆ, ಹೀಗೆ ಊರೆಲ್ಲ ತಿರುಗುತ್ತದೆ. ಹೋಳಿಗೆ ಲಟ್ಟಿಸುತ್ತಿದ್ದ ನನಗೆ ಇದು ನೆನಪಾಗುವುದಕ್ಕೂ ಖೋಲಿಯಲ್ಲಿ ಟ್ರಂಕಿನ ಮುಚ್ಚಳ ಕಿರುಗುಟ್ಟುವುದಕ್ಕೂ ಸರಿಹೋಯಿತು. ಲಟ್ಟಣಿಗೆ ಅಲ್ಲೇ ಬಿಟ್ಟು ಓಡಿದೆ.

ಅತ್ತೆ ಚೀಲವನ್ನು ಹಾಸಿಗೆಯ ಮೇಲೆ ಸುರುವಿದ್ದಳು. ಏನೆಂದು ಆಕೆಗೆ ತಿಳಿದಿರಲಿಲ್ಲ, ಯಾರೋ ಮಾಟ ಮಾಡಿಸಿದ್ದಾರೆಂದೇ ಮೊದಲು ಹೆದರಿದ್ದಳಂತೆ. ನಾದಿನಿ ಹಾಳೆ ಓದಿದಳು. ಓದುತ್ತ ಓದುತ್ತ ಆಕೆಯ ಧ್ವನಿ ಇಳಿದು, ಕೊನೆಗೆ ನಿಂತೇ ಹೋಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೆಳಗೆ ನೋಡುತ್ತ ನಿಂತಳು.

"ಅಂದ್ರ ಇಷ್ಟ ದಿನಾ…" ಅತ್ತೆ ನನ್ನನ್ನು ನೋಡಿದಳು. "ಹನ್ನೊಂದ ಸೋಮವಾರ ಹೊಟ್ಟಿ ಕಟ್ಟಿದ್ನೆಲ್ಲ ನಾ. ಊರ ಮಂದಿ ಕಡಿಂದ ಉಡಿ ತುಂಬಿಸಿಕೋತ ಕುಂತಿದ್ದೆಲ್ಲ ನೀ. ಏನೂ ಇಲ್ಲದ್ದಕ್ಕ ಉಡಿ ತುಂಬಿಸಿದೇನ ನನ್ನ ಕೈಲೆ?"

ಆಕೆಯ ಸಿಟ್ಟು ಸುಳ್ಳಲ್ಲ. ಆಕೆಯ ಬರಿಗಾಲು, ಆಕೆಯ ಹಸಿವು, ಎರಡನ್ನೂ ನಾನು ಬಾಯಿ ಮುಚ್ಚಿಕೊಂಡು ನೋಡಿದ್ದೆ. ಕಾಲಿಗೆ ಬಿದ್ದೆ. ಆಕೆ ಕಡ್ಡಿಗಳನ್ನು ಚೀಲಕ್ಕೆ ತುಂಬಿ ಎತ್ತಿಕೊಂಡು ಬಚ್ಚಲಿಗೆ ಹೋಗಿ, ನೀರೊಲೆಗೆ ಹಾಕಿದಳು. ಹಾಳೆ ನಾದಿನಿಯ ಕೈಯಲ್ಲೇ ಉಳಿಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಪಡಸಾಲೆಯ ತನಕ ಬಂತು. ಕುಬಸದ ಹಾಡು ಹೇಳುತ್ತಿದ್ದವರು "ಏನ ಸುಟ್ಟತವಾ?" ಎಂದು ಕೇಳಿ ಮತ್ತೆ ಹಾಡು ಮುಂದುವರಿಸಿದರು.

ಅವನು ಊಟಕ್ಕೆ ಬಂದ. ಹೆಂಗಸರೆಲ್ಲ ಹೋಗುವ ತನಕ ಅತ್ತೆ ತಡೆದಳು. ಆಮೇಲೆ ಆ ಹಾಳೆಯನ್ನು ಅವನ ತಾಟಿನ ಪಕ್ಕಕ್ಕಿಟ್ಟಳು. "ನಿನಗ ಗೊತ್ತಿತ್ತೇನೋ ಈ ರೋಗ, ಈ ದವಾಖಾನಿ?"

ಅವನು ನನ್ನನ್ನು ನೋಡಿದ. ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ.

"ಇಲ್ಲವ್ವ. ನನಗೇನೂ ಗೊತ್ತಿಲ್ಲ."

ನನ್ನ ಜೊತೆ ಬಸ್ಸಿನಲ್ಲಿ ಕೂತು ಬಂದವನು. ಡಾಕ್ಟರಿಗೆ ಹೌದ್ರಿ ಹೌದ್ರಿ ಅಂದವನು. ಗೊತ್ತಿತ್ತು ಅಂದಿದ್ದರೆ, ಗೊತ್ತಿದ್ದೂ ಸುಮ್ಮನಿದ್ದನೆಂದು ಓಣಿಯಲ್ಲಿ ಅವನ ಗಂಡಸುತನದ ಮಾತು ಏಳುತ್ತಿತ್ತು, ಅದು ನನಗೆ ತಿಳಿಯದ್ದೇನಲ್ಲ. ಅದಕ್ಕೇ ನಾನೂ ಬಾಯಿ ಬಿಡಲಿಲ್ಲ. ಆದರೆ ಎರಡೂವರೆ ವರ್ಷದ ನೋವೆಲ್ಲ ಒಂದು ತೂಕ, ಆ ಒಂದು ಮಾತು ಒಂದು ತೂಕ. ಈವರೆಗೂ ಅದನ್ನು ನುಂಗಿಕೊಳ್ಳಲು ನನಗೆ ಆಗಿಲ್ಲ.

ಪಂಚಮಿ ಬಂತು. ಅಣ್ಣ ಎಂದಿನಂತೆ ಮೋಟರ್ ಸೈಕಲ್ ಮೇಲೆ ನನ್ನನ್ನು ಕರೆದೊಯ್ಯಲು ಬಂದ. ಪಂಚಮಿಗೆ ತವರಿಗೆ ಹೋಗುವ ಹೆಣ್ಣು ಒಂದು ಕೈಚೀಲ ಒಯ್ಯುತ್ತಾಳೆ. ಬಾಗಿಲಲ್ಲಿ ನನ್ನ ಟ್ರಂಕು ನಿಂತಿತ್ತು, ಪಕ್ಕದಲ್ಲಿ ಅದನ್ನು ಸಾಗಿಸಲು ಕರೆಸಿದ ಟಂಟಂ ಗಾಡಿ. ಅಣ್ಣನಿಗೆ ಅರ್ಥವಾಗಲಿಲ್ಲ. "ನಾಲ್ಕ ದಿನಕ್ಕ ಟ್ರಂಕ್ ಯಾಕ್ರಿ ಅತ್ತಿ?" ಎಂದ.

"ಇರ್ಲಿ, ಒಯ್ಯಿ. ಅಕೀ ಸಾಮಾನ ಅಕೀ ಹತ್ರ ಇರ್ಲಿ."

ಹೊರಡುವ ಮುನ್ನ ಅತ್ತೆ ಸಂಪ್ರದಾಯ ಬಿಡದೆ ನನ್ನ ಉಡಿ ತುಂಬಿದಳು. ಖಣ ನನ್ನ ಟ್ರಂಕಿನದೇ. ಅವನು ಅಂಗಡಿಯಿಂದ ಬರಲೇ ಇಲ್ಲ.

ಬಮ್ಮಿಗಟ್ಟಿಯಲ್ಲಿ ಅವ್ವ ಟ್ರಂಕು ಕಂಡೊಡನೆ ಹಬ್ಬದ ಉಂಡಿ ಕಟ್ಟುವುದನ್ನು ಬಿಟ್ಟು ಕೂತಳು. ಆಕೆಗೆ ಎಲ್ಲ ಹೇಳಿದೆ. "ಇಂಥಾದ್ದಕ್ಕೂ ದವಾಖಾನಿಗೆ ಹೋಗತಾರೇನಬೇ?" ಎಂದಳು. ಹೋಗುತ್ತಾರೆ ಎಂದೆ. ಮರುವಾರ ನನ್ನ ಜೊತೆ ಧಾರವಾಡಕ್ಕೆ ಆಕೆಯೇ ಬಂದಳು. ಡಾಕ್ಟರ ಖೋಲಿಯೊಳಗೆ ಮಾತ್ರ ಬರಲಿಲ್ಲ, ಹೊರಗೆ ಕುರ್ಚಿಯ ತುದಿಯಲ್ಲಿ ಸೆರಗು ಹೊದ್ದು ಕೂತಳು.

ಹೊಸ ಕಡ್ಡಿಗಳೊಡನೆ ಮತ್ತೆ ಕಿರುಬೆರಳಿನ ಅಳತೆಯಿಂದ ಶುರು. ಈ ಸಲ ಅದೂ ಆಗಲೊಲ್ಲದು. ಕಡ್ಡಿ ಕೈಗೆತ್ತಿಕೊಂಡರೆ ಆ ಸುಟ್ಟ ವಾಸನೆ ಮೂಗಿಗೆ ಬಂದಂತಾಗಿ ಮೈಯೆಲ್ಲ ಬಿಗಿಯುತ್ತಿತ್ತು. ಅಷ್ಟರಲ್ಲಿ ನವಲಗುಂದದ ಕಡೆ ಅವನಿಗೆ ಹೆಣ್ಣು ನೋಡುತ್ತಿದ್ದಾರೆಂಬ ಸುದ್ದಿ ಬಂತು. ದೀಪಾವಳಿಯೊಳಗೆ ನಾನು ಸರಿಹೋಗಬೇಕು, ಸರಿಹೋಗಿ ಹೇಳಬೇಕು, ಹೇಳಿದರೆ ಕರೆಯಲು ಬರುತ್ತಾನೆ. ಇದೊಂದೇ ಲೆಕ್ಕ ನನ್ನ ತಲೆಯಲ್ಲಿ. ಅವಸರ ಮಾಡಿದಷ್ಟೂ ದೇಹ ಹಿಂದೆ ಸರಿಯಿತು. ನನ್ನ ತೊಡೆಗೆ ನಾನೇ ಹೊಡೆದುಕೊಂಡದ್ದುಂಟು. ದೇವರೇ, ಎಲ್ಲರಿಗೂ ಆಗುವುದು ನನ್ನೊಬ್ಬಳಿಗೆ ಯಾಕೆ ಆಗದು ಎಂದು ದಿಂಬು ಕಚ್ಚಿ ಅತ್ತದ್ದುಂಟು. ಅವ್ವ ಮುಚ್ಚಿದ ಬಾಗಿಲ ಹೊರಗೆ ಅಕ್ಕಿ ಆರಿಸುತ್ತ ಕೂತು, ಬಂದವರಿಗೆ "ಅಕಿ ಮಲಗ್ಯಾಳ, ತಲಿಬ್ಯಾನಿ" ಎಂದು ಹೇಳಿ ಸಾಗಹಾಕುತ್ತಿದ್ದಳು.

ಡಾಕ್ಟರು ಒಂದು ಸಲ ಗದರಿದರು. "ಅವಸರ ಯಾರ ಸಲುವಾಗಿ?"

ದೀಪಾವಳಿ ಹೋಯಿತು, ಯಾರೂ ಬರಲಿಲ್ಲ. ದಿನ ಎಣಿಸುವುದನ್ನು ಬಿಟ್ಟೆ. ಬಿಟ್ಟ ಮೇಲೆ ಮೊದಲನೆಯದು, ಎರಡನೆಯದು, ಎಳ್ಳು ಅಮಾವಾಸ್ಯೆಯ ಹೊತ್ತಿಗೆ ಮೂರನೆಯದು. ಸಂಕ್ರಾಂತಿಯ ಮುಂದಿನ ವಾರ ಒಂದು ಮಧ್ಯಾಹ್ನ ನಾಲ್ಕನೆಯ ಅಳತೆಯೂ ನೋವಿಲ್ಲದೆ ಆಯಿತು. ನಂಬಿಕೆ ಬಾರದೆ ಹಾಗೇ ಮಲಗಿ ಉಸಿರು ಎಳೆದು ಬಿಟ್ಟೆ. ಹೊರಗೆ ಅವ್ವನ ಮೊರದ ಸದ್ದು ಕೇಳುತ್ತಿತ್ತು. ಸಂತೋಷವಾಯಿತು ಎಂದು ಬರೆಯಬಹುದು, ಆದರೆ ಬಂದದ್ದು ಅಳು.

ಎದ್ದು ಮುಖ ತೊಳೆದು ಅವನಿಗೆ ಫೋನ್ ಮಾಡಿದೆ. ಐದು ತಿಂಗಳ ಮೇಲೆ ಮೊದಲ ಸಲ. ಎತ್ತಿದ.

"ಆತ್ರಿ," ಎಂದೆ. "ನನಗ ಈಗ ಪೂರಾ ಆರಾಮ ಆಗೇತ್ರಿ. ಡಾಕ್ಟರ ಹೇಳಿದ್ದೆಲ್ಲಾ ಮುಗೀತು."

ಹಿಂದೆ ಅಂಗಡಿಯಲ್ಲಿ ಯಾರೋ ಚೀಲ ಎಳೆಯುತ್ತಿದ್ದರು. ಅವನಿಗೆ ಸಂತೋಷವಾಗಿದ್ದು ಉಸಿರಿನಲ್ಲೇ ತಿಳಿಯಿತು, ಅದು ಸುಳ್ಳಲ್ಲ. ಆಮೇಲೆ ಧ್ವನಿ ತಗ್ಗಿಸಿ ಕೇಳಿದ, "ಅವ್ವಗ ಏನ ಹೇಳೂಣು?"

ಬಸ್ಸಿನಲ್ಲಿ ಕೇಳಿದ ಅದೇ ಮಾತು. ಆ ದಿನ ಸದ್ಯ ಬೇಡ ಎಂದಿದ್ದೆ.

"ನಿಮಗ ಗೊತ್ತಿತ್ತು ಅಂತ ಹೇಳ್ರಿ," ಎಂದೆ. "ಅಷ್ಟ ಹೇಳ್ರಿ. ಹೇಳಿ ಬರ್ರಿ, ನಾ ತಯಾರ ಇರ್ತೀನಿ."

ಅವನು ಇಲ್ಲವೆನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ. ಚೀಲ ಎಳೆಯುವ ಸದ್ದು ನಿಂತಿತು, ಫೋನೂ ಕಟ್ಟಾಯಿತು. ಟ್ರಂಕು ಇನ್ನೂ ಬಮ್ಮಿಗಟ್ಟಿಯಲ್ಲೇ ಇದೆ.