ಬೆಂಚಿನಲ್ಲಿ ಚೀಲ ಹಿಡಿದು ಕೂತವಳು

ನನ್ನ ಗೆಳತಿ ಬೆಳ್ತಂಗಡಿಯಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಬೇರೆ ಡ್ರೈವಿಂಗ್ ಸ್ಕೂಲಿನವರು ಮೊದಲ ದಿನ ಖಾಲಿ ಮೈದಾನಕ್ಕೆ ಕರೆದುಕೊಂಡು ಹೋದರೆ, ಇವಳು ನೇರ ಸಂತೆಯ ದಿನದ ಪೇಟೆಗೆ ನುಗ್ಗಿಸುತ್ತಾಳೆ. ಎದುರಿಗೆ ಬಸ್ಸು, ಪಕ್ಕದಲ್ಲಿ ರಿಕ್ಷಾ, ನಡುವೆ ಮೀನಿನ ಟೆಂಪೊ. ಕಲಿಯುವವಳು ದೇವರನ್ನು ಕರೆಯುತ್ತಿದ್ದರೆ ಇವಳು ತನ್ನ ಕಾಲಡಿಯ ಬ್ರೇಕಿನ ಮೇಲೆ ಪಾದ ಇಟ್ಟು, "ಮೈದಾನದಲ್ಲಿ ಕಲಿತವಳು ಪೇಟೆಯಲ್ಲಿ ಅಳ್ತಾಳೆ. ಮೊದಲು ಇಲ್ಲಿ ಅಳು, ಆಮೇಲೆ ಆರಾಮ" ಎನ್ನುತ್ತಾಳೆ. ತಾಲೂಕಿನ ಟೀಚರುಗಳು, ನರ್ಸುಗಳು, ಗಲ್ಫಿನಲ್ಲಿ ಗಂಡ ಇರುವ ಹೆಂಗಸರು ಎಷ್ಟೋ ಮಂದಿ ಹೀಗೆ ಅತ್ತು ಕಲಿತವರೇ. ಅವರಿಗೆಲ್ಲ ಅವಳು ಡ್ರೈವಿಂಗ್ ಅಕ್ಕ.

ಗೆಳತಿ ಎಂದೆ. ಊರಿನ ಲೆಕ್ಕದಲ್ಲಿ ನಾವು ಅಕ್ಕತಂಗಿಯರ ಹಾಗೆ ಇರುವವರು. ಹನ್ನೆರಡು ವರ್ಷದಿಂದ ಒಂದೇ ಮನೆ, ಒಂದೇ ಒಲೆ, ಒಂದೇ ಹಾಸಿಗೆ. ಇದನ್ನು ಸಂಸಾರ ಅನ್ನದೆ ಇನ್ನೇನು ಅನ್ನಬೇಕೋ ನನಗೆ ತಿಳಿಯದು. ನಾನು ಟೈಲರ್. ಮೂಡಬಿದಿರೆಯ ಕಡೆ ನನಗೂ ಒಂದು ಮದುವೆ ಆಗಿತ್ತು. ಬೇಗನೆ ಮುಗಿಯಿತು. ಅದರಿಂದ ನನಗೆ ಉಳಿದದ್ದು ಒಂದು ಹೊಲಿಗೆ ಮಿಷನ್ನು, ಒಂದು ಕರಿಮಣಿ ಮತ್ತು ಆಸ್ಪತ್ರೆಯಲ್ಲಿ 'ಮದುವೆಯಾದವಳು' ಎನ್ನುವ ಮರ್ಯಾದೆ.

ಆ ಮರ್ಯಾದೆಯ ಬೆಲೆ ಸಣ್ಣದಲ್ಲ. ಆಶಾ ಕಾರ್ಯಕರ್ತೆ ಅಂಗಡಿಗೆ ಬಂದಾಗಲೆಲ್ಲ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ನನ್ನ ಬೆನ್ನು ಹತ್ತುತ್ತಿದ್ದಳು. ಅವಳ ಕಾಟಕ್ಕೆ ನಾನು ಕೆಲವು ವರ್ಷಕ್ಕೊಮ್ಮೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದೆ. ಗೆಳತಿಯನ್ನು ತೋರಿಸಿದರೆ, "ಅವರಿಗೆ ಬೇಡ, ಮದುವೆ ಆಗಿಲ್ಲ ಅಲ್ವಾ" ಎನ್ನುತ್ತಿದ್ದಳು. ನಾವೂ ಹಾಗೆಯೇ ನಂಬಿದ್ದೆವು. ಗಂಡಸಿನ ಸಹವಾಸವೇ ಇಲ್ಲದವಳಿಗೆ ಆ ರೋಗ ಎಲ್ಲಿಂದ ಬರಬೇಕು! ಹಾಗಾಗಿ ನಾನು ಒಳಗೆ ಹೋದಾಗಲೆಲ್ಲ ಅವಳು ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಕಳೆದ ಸಲ ಬಂಟ್ವಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಮಾಡಿಸಿದ ನನ್ನ ಪರೀಕ್ಷೆಯಲ್ಲಿ ಆ ಕ್ಯಾನ್ಸರಿಗೆ ಕಾರಣವಾಗುವ ವೈರಸ್ ಕಂಡಿತು. ಡಾಕ್ಟರಮ್ಮ ಒಳ್ಳೆಯವರು. "ಹೆದರಬೇಡಿ, ಹೆಚ್ಚಿನವರಿಗೆ ತಾನಾಗಿ ಹೋಗ್ತದೆ. ಆದರೆ ಮತ್ತೆ ಬಂದು ತೋರಿಸ್ಬೇಕು" ಎಂದರು. ನಾನು ಬಾಗಿಲ ತನಕ ಹೋಗಿ ಮತ್ತೆ ತಿರುಗಿ ಬಂದೆ.

"ಇದು ಗಂಡಸರಿಂದ ಮಾತ್ರ ಹರಡುದಾ?"

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇಲ್ಲಮ್ಮ. ಹೆಂಗಸಿನಿಂದ ಹೆಂಗಸಿಗೂ ಹೋಗ್ತದೆ. ಒಟ್ಟಿಗೆ ಇರುವವರು ಯಾರಾದ್ರೂ ಇದ್ರೆ ಅವರೂ ಮಾಡಿಸ್ಬೇಕು."

ಮಡಂತ್ಯಾರಿನಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದಾಗ ಅವಳಿಗೆ ಹೇಳಿದೆ. ಅವಳು ಚಹಾ ಮುಗಿಸಿ, ಗ್ಲಾಸು ಕೊಟ್ಟು ಬಂದು ಹೇಳಿದಳು: "ಬರುವ ವಾರ ನಮ್ಮ ಪೇಟೆಯಲ್ಲೇ ಈ ಟೆಸ್ಟಿನ ಕ್ಯಾಂಪ್ ಉಂಟಲ್ಲ. ಅಲ್ಲಿ ಮಾಡಿಸ್ತೇನೆ."

ನಾನು ಅತ್ತಿತ್ತ ನೋಡಿ ದನಿ ತಗ್ಗಿಸಿದೆ. "ಎಂತ ಮಾರಾಯ್ತಿ, ಅಲ್ಲಿ ಎಲ್ಲರಿಗೂ ನಿನ್ನ ಗುರ್ತ ಉಂಟು. ಮಂಗಳೂರಿಗೆ ಹೋಗುವ."

"ಮೈದಾನಕ್ಕಾ?" ಎಂದು ನಕ್ಕಳು.

ಮನೆಗೆ ಬಂದ ಮೇಲೂ ನಾನು ಬಿಡಲಿಲ್ಲ. ಪೆಟ್ಟಿಗೆಯ ತಳದಿಂದ ಕರಿಮಣಿ ತೆಗೆದು ಅವಳ ಕೊರಳಿಗೆ ಹಾಕಿದೆ. ಮಂಗಳೂರಿನಲ್ಲಿ ಮದುವೆಯಾಗಿತ್ತು, ಬಿಟ್ಟಿದ್ದೇನೆ ಅಂದರೆ ಮುಗಿಯಿತು, ಯಾರೂ ಕೆದಕುವುದಿಲ್ಲ ಎಂದೆ. ಅವಳು ಕನ್ನಡಿಯಲ್ಲಿ ತನ್ನನ್ನು ಆಚೆ ಈಚೆ ತಿರುಗಿ ನೋಡಿಕೊಂಡಳು. "ಚಂದ ಉಂಟು. ಆದರೆ ಇದು ಹಾಕಿಕೊಂಡು ಹೋದ್ರೆ ಪರೀಕ್ಷೆ ನಿನ್ನ ಹಳೇ ಗಂಡನ ಹೆಂಡತಿಗೆ ಆಗ್ತದೆ. ನನಗೆ ಯಾವಾಗ ಆಗುದು?" ಎಂದು ತೆಗೆದು ನನ್ನ ಕೈಗಿಟ್ಟಳು.

ಕ್ಯಾಂಪಿನ ಮೇಜಿನಲ್ಲಿ ಇದ್ದ ನರ್ಸು ಅವಳ ಹಳೆಯ ಶಿಷ್ಯೆ, ರಿವರ್ಸಿನಲ್ಲಿ ಗೇಟು ಮುರಿದವಳು. ಪ್ರೀತಿಯಿಂದಲೇ, "ಅಕ್ಕ, ನಿಮಗೆ ಬೇಡ. ಇದು ಮದುವೆ ಆದವರಿಗೆ" ಎಂದಳು. ಹಿಂದೆ ಸಾಲಿನಲ್ಲಿ ಹೆಂಗಸರು. ಅರ್ಧ ಮಂದಿ ನನ್ನ ಗಿರಾಕಿಗಳು, ಇನ್ನರ್ಧ ಇವಳ ಶಿಷ್ಯೆಯರು. ಬಾಯಿಯಿದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಅಂತ ನನ್ನನ್ನು ನೋಡಿಯೇ ಹೇಳಿದ್ದು ಎಂದು ಅಂಗಡಿಗೆ ಬರುವವರು ತಮಾಷೆ ಮಾಡುವುದುಂಟು. ಆ ಬಾಯಿ ಅಂದು ಒಣಗಿ ಅಂಟಿಕೊಂಡಿತ್ತು.

ಮನೆಯಲ್ಲಿ ನಮ್ಮದು ತುಳು. ಕನ್ನಡ ಆಡುವಾಗ ಅವಳು ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನ, ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಾಳೆ. ಅಂದೂ ಹಾಗೆಯೇ ಹೇಳಿದಳು.

"ನನಗೆ ಮದುವೆ ಆಗಿಲ್ಲ. ಇವಳೊಟ್ಟಿಗೆ ಸಂಸಾರ ಉಂಟು. ಹನ್ನೆರಡು ವರ್ಷ ಆಯ್ತು. ಇವಳಿಗೆ ವೈರಸ್ ಬಂದಿದೆ. ನನ್ನದೂ ನೋಡ್ಬೇಕು."

ನರ್ಸಿನ ಪೆನ್ನು ಎತ್ತಿದಲ್ಲೇ ನಿಂತಿತು. ಆಗ ಸಾಲಿನ ಹಿಂದಿನಿಂದ ಒಬ್ಬರು ಅಜ್ಜಿ, "ಎಂತದಾದ್ರೂ ಬೇಗ ನೋಡಿ ಮಾರಾಯ್ರೆ, ನಂಗೆ ಮುಂಡಾಜೆಗೆ ಬಸ್ಸುಂಟು" ಎಂದರು. ಯಾರೋ ನಕ್ಕರು. ನರ್ಸು ಎದ್ದು ಒಳಗೆ ಹೋಗಿ ಡಾಕ್ಟರರಲ್ಲಿ ಕೇಳಿಕೊಂಡು ಬಂದು, "ಬನ್ನಿ ಅಕ್ಕ" ಎಂದಳು. ಆ ಅಜ್ಜಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಈಗ ಬೆಂಚಿನಲ್ಲಿ ನಾನು ಕೂತೆ. ಅವಳ ಚೀಲ ನನ್ನ ಮಡಿಲಲ್ಲಿ. ಅದರೊಳಗೆ ಕನ್ನಡಿ ಒರೆಸುವ ಹಳದಿ ಬಟ್ಟೆ, ಶುಂಠಿ ಮಿಠಾಯಿ, ಕಾರಿನ ಕೀ. ಇಷ್ಟು ವರ್ಷ ಇವಳು ಇಲ್ಲಿ ಕೂತು ಏನು ಯೋಚಿಸುತ್ತಿದ್ದಿರಬಹುದು ಎಂದು ಆವತ್ತೇ ನಾನು ಮೊದಲ ಬಾರಿ ಯೋಚಿಸಿದ್ದು. ಸಾಲಿನವರ ಕಣ್ಣು ನನ್ನ ಮೇಲಿತ್ತು. ಇರಲಿ ಎನ್ನಿಸಿತು.

ಒಳಗೆ ಔಷಧ ಹಚ್ಚಿ ನೋಡಿದಾಗ ಬಿಳಿ ಮಚ್ಚೆ ಕಂಡಿತು. ಮಂಗಳೂರಿನಲ್ಲಿ ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರ್ ಅಲ್ಲ, ಆಗುವ ಮುಂಚಿನ ಹಂತ. ಸಣ್ಣ ಚಿಕಿತ್ಸೆಯಲ್ಲಿ ಆ ಭಾಗ ತೆಗೆದರು. ಇನ್ನು ಕೆಲವು ವರ್ಷ ಹೀಗೇ ಬಿಟ್ಟಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ನಾನು ಕಾರಿನಲ್ಲಿ ಕೂತು ಜೋರಾಗಿ ಅತ್ತೆ. ಸಿಟ್ಟೂ ಬಂದಿತ್ತು. ಒಂದು ಕರಿಮಣಿ ಇಲ್ಲ ಎಂಬ ಕಾರಣಕ್ಕೆ ಇಷ್ಟು ವರ್ಷ ಇವಳನ್ನು ಹೊರಗೆ ಕೂರಿಸಿದ್ದೆವಲ್ಲ, ಊರೂ ನಾವೂ ಸೇರಿ! ಅವಳು ಶುಂಠಿ ಮಿಠಾಯಿ ಕೊಟ್ಟು, "ಸೀಟ್ ಬೆಲ್ಟ್ ಹಾಕು" ಎಂದಳು.

ಆಮೇಲೆ ಕೆಲವರು ಕಾರು ಕಲಿಯುವುದನ್ನು ಅರ್ಧಕ್ಕೆ ಬಿಟ್ಟರು. ಒಬ್ಬರು ತಮ್ಮ ರವಿಕೆ ಬಟ್ಟೆ ವಾಪಸು ಒಯ್ದರು. ಅವರ ತೋಳಿನ ಅಳತೆ ಯಾವ ಟೈಲರಿಗೂ ಸರಿ ಬರುವುದಿಲ್ಲ, ಮತ್ತೆ ಬರುತ್ತಾರೆ ಎಂದೆ. ಬಂದರು. ಊರ ಬಾಯಿ ಮುಚ್ಚಿಸಲಾಗುವುದಿಲ್ಲ, ನಿಜ. ಆದರೆ ಅದಕ್ಕೂ ದಣಿವಾಗುತ್ತದೆ.

ಮೊನ್ನೆ ಉಜಿರೆಯಲ್ಲಿ ಕೆಲಸ ಮಾಡುವ, ಮೂವತ್ತು ದಾಟಿದ ಒಬ್ಬಳು ರವಿಕೆ ಹೊಲಿಸಲು ಬಂದಳು. ಮದುವೆಯಾಗದವಳು. ಬೆನ್ನಿನ ಅಳತೆ ತೆಗೆಯಲು ತಿರುಗಿ ನಿಂತವಳು ಗೋಡೆಗೆ ಹೇಳುವ ಹಾಗೆ ಕೇಳಿದಳು.

"ಅಕ್ಕ, ಡ್ರೈವಿಂಗ್ ಅಕ್ಕ ಮಾಡಿಸಿದ ಆ ಟೆಸ್ಟಿಗೆ ನಾನು ಹೋಗ್ಬಹುದಾ?"

"ಹೋಗ್ಬಹುದು."

"ನನ್ನೊಟ್ಟಿಗೆ ಇನ್ನೊಬ್ಬಳು ಬರ್ತಾಳೆ." ತಿರುಗಿ ನನ್ನನ್ನು ನೋಡಿದಳು. "ಹೊರಗೆ ಕೂತುಕೊಳ್ಲಿಕ್ಕೆ ಅಲ್ಲ. ಅವಳೂ ಮಾಡಿಸ್ತಾಳೆ."

ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೆ.

"ಇಬ್ಬರೂ ಬನ್ನಿ. ನಮ್ಮ ಕಾರಿನಲ್ಲೇ ಹೋಗುವ" ಎಂದೆ.